‘ಅತ್ತೆಗೆ ಕ್ಯಾನ್ಸರ್ ಇತ್ತು’ ಅಂದರೆ ಯಾವ ಅತ್ತೆ?

ಪ್ರಶ್ನೆ: ನಾನು ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ವಾರ್ಡಿನಲ್ಲಿ ರೋಗಿಯ ಕುಟುಂಬದ ರಚನೆ ಮತ್ತು ಆರೋಗ್ಯದ ಇತಿಹಾಸ ಬರೆದು ತರಲು ಹೇಳುತ್ತಾರೆ. ಫಾರಂನಲ್ಲಿರುವ ಪ್ರಶ್ನೆಗಳನ್ನೆಲ್ಲ ಕೇಳುತ್ತೇನೆ. ‘ಮನೆಯಲ್ಲಿ ಯಾರಿಗಾದರೂ ಬಿ.ಪಿ., ಶುಗರ್ ಇದೆಯಾ?’ ಅಂದರೆ ‘ಇಲ್ಲ’ ಅನ್ನುತ್ತಾರೆ. ‘ವಿಶೇಷವಿಲ್ಲ’ ಎಂದು ಬರೆಯುತ್ತೇನೆ. ಮೇಡಂ ಅದನ್ನು ಎರಡು ಸಲ ವಾಪಸ್ ಕೊಟ್ಟರು. ಕಳೆದ ವಾರ ಒಬ್ಬ ರೋಗಿಯ ಮಗಳು ‘ಕಾಯಿಲೆ ಇರೋದು ಅಮ್ಮನಿಗೆ, ನಮ್ಮ ಮನೆ ವಿಚಾರ ನಿಮಗ್ಯಾಕೆ?’ ಎಂದು ಸಿಟ್ಟಾದರು. ಅಮ್ಮ ಹೇಳಿದ್ದು ಒಂದು, ಮಗಳು ಹೇಳಿದ್ದು ಇನ್ನೊಂದು. ಇದನ್ನು ನಿಜವಾಗಿ ಹೇಗೆ ಮಾಡಬೇಕು, ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ಆ ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ‘ನಿಮಗ್ಯಾಕೆ’ ಎನ್ನುವುದಕ್ಕೆ ನಮ್ಮ ಬಳಿ ಉತ್ತರ ಇಲ್ಲದಿದ್ದರೆ, ನಾವು ಕೇಳುವುದೆಲ್ಲ ಅವರಿಗೆ ಕೆದಕುವ ಹಾಗೇ ಕಾಣುತ್ತದೆ. ಮುಂದಿನ ಸಲ ಕೇಳುವ ಮೊದಲೇ ಕಾರಣ ಹೇಳಿಬಿಡಿ: ‘ಅಮ್ಮ ಮನೆಗೆ ಹೋದ ಮೇಲೆ ಅವರನ್ನು ನೋಡಿಕೊಳ್ಳೋದು ನೀವು. ನಿಮಗೆ ಏನು ಸಾಧ್ಯ, ಏನು ಕಷ್ಟ ಅಂತ ಗೊತ್ತಿಲ್ಲದೆ ನಾವು ಸಲಹೆ ಕೊಟ್ಟರೆ ಅದು ನಡೆಯಲ್ಲ. ಜೊತೆಗೆ ಕೆಲವು ಕಾಯಿಲೆ ಮಕ್ಕಳಿಗೂ ಬರಬಹುದು, ಅದನ್ನು ಮೊದಲೇ ನೋಡಿಕೊಳ್ಳಬಹುದು.’ ಇಷ್ಟು ಹೇಳಿ ಕೇಳಿದಾಗ ಬಾಯಿ ಮುಚ್ಚಿಕೊಂಡವರನ್ನು ನಾನು ಕಂಡಿದ್ದು ಕಡಿಮೆ.

ನಿಮ್ಮ ‘ವಿಶೇಷವಿಲ್ಲ’ಕ್ಕೆ ಬರುತ್ತೇನೆ. ತೊಂದರೆ ಶುರುವಾಗುವುದು ‘ಮನೆಯಲ್ಲಿ ಯಾರಿಗಾದರೂ’ ಎಂಬ ಮಾತಿನಿಂದ. ಮನೆಯಲ್ಲಿ ಅಂದರೆ ಜನ ಒಂದೇ ಸೂರಿನಡಿ ಇರುವವರನ್ನು ನೆನೆಯುತ್ತಾರೆ. 48ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡ ಅಣ್ಣ ಬೇರೆ ಊರಿನಲ್ಲಿದ್ದ, ಈಗ ಬದುಕಿಯೂ ಇಲ್ಲ. ಅವನು ಆ ಪ್ರಶ್ನೆಯ ಒಳಗೆ ಬರುವುದೇ ಇಲ್ಲ. ಮನೆಯಲ್ಲಿರುವ ಸೊಸೆಯ ಶುಗರ್ ಬರುತ್ತದೆ, ಆದರೆ ಅದಕ್ಕೂ ರೋಗಿಯ ವಂಶಕ್ಕೂ ಸಂಬಂಧವಿಲ್ಲ. ಒಂದೇ ಪ್ರಶ್ನೆಯಲ್ಲಿ ಬೇಕಾದವರು ಹೊರಗುಳಿದು, ಬೇಡವಾದವರು ಒಳಗೆ ಬಂದರು.

ಕುಟುಂಬ ಅಂತ ನಾವು ಕರೆಯುವುದರಲ್ಲಿ ಬೇರೆ ಬೇರೆ ನಂಟುಗಳು ಹೆಣೆದುಕೊಂಡಿರುತ್ತವೆ. ರಕ್ತದ ನಂಟು ಒಂದು. ಒಂದೇ ಸೂರಿನಡಿ ಬದುಕುವ ನಂಟು ಇನ್ನೊಂದು. ಎತ್ತಿ ಕೂರಿಸುವ, ಮಾತ್ರೆ ಕೊಡುವ, ರಾತ್ರಿ ಎದ್ದು ನೋಡುವ ನಂಟು ಮತ್ತೊಂದು. ಮೂರರಲ್ಲೂ ಅದೇ ಜನ ಇರಬೇಕೆಂದಿಲ್ಲ. ಎದುರಿಗಿರುವ ಕಾಯಿಲೆ ಯಾವುದು ಎನ್ನುವುದರ ಮೇಲೆ ಯಾವ ನಂಟನ್ನು ಮೊದಲು ಕೇಳಬೇಕು ಎನ್ನುವುದು ನಿಂತಿದೆ. ಶ್ವಾಸಕೋಶದ ಕ್ಷಯ ಇದ್ದರೆ ಸೂರು ಮುಖ್ಯ: ಅದೇ ಕೋಣೆಯಲ್ಲಿ ಮಲಗುವವರು ಯಾರು, ಐದು ವರ್ಷದೊಳಗಿನ ಮಗು ಇದೆಯೇ? ರಕ್ತಸಂಬಂಧವೇ ಇಲ್ಲದ ಬಾಡಿಗೆಯ ಜೊತೆಗಾರನೂ ಅಲ್ಲಿ ‘ಕುಟುಂಬ’ವೇ. ಕಜ್ಜಿಯಾದರೆ ಸೂರಿನಡಿಯ ಎಲ್ಲರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅದು ಮನೆಯೊಳಗೇ ಸುತ್ತು ಹೊಡೆಯುತ್ತದೆ. ಕುಸುಮರೋಗ, ಅಂದರೆ ಹೀಮೋಫಿಲಿಯಾ ಇರುವ ಹುಡುಗನಾದರೆ ಸೂರಿನ ಲೆಕ್ಕ ಬೇಡ, ತಾಯಿಯ ಕಡೆಯ ರಕ್ತದ ನಂಟಿನ ಲೆಕ್ಕ ಬೇಕು. ಪಾರ್ಶ್ವವಾಯು ಆಗಿ ಮನೆಗೆ ಹೊರಟವರಿಗೆ ಈ ಎರಡಕ್ಕಿಂತಲೂ ಆರೈಕೆಯ ಕೈಗಳ ಲೆಕ್ಕ ಮೊದಲು ಬೇಕು.

ರಕ್ತದ ನಂಟನ್ನು ಕನ್ನಡದಲ್ಲಿ ಕೇಳುವಾಗ ನಮ್ಮ ಸಂಬಂಧದ ಪದಗಳೇ ಎಡವಿಸುತ್ತವೆ. ಇದನ್ನು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ‘ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್ ಇತ್ತು’ ಅಂದರು ಅಂದುಕೊಳ್ಳಿ. ಯಾವ ಅತ್ತೆ? ಅಪ್ಪನ ಅಕ್ಕತಂಗಿಯಾದರೆ ಎರಡನೇ ಹಂತದ ರಕ್ತಸಂಬಂಧಿ, ಇವರ ಅಪಾಯದ ಲೆಕ್ಕ ಬದಲಾಗುತ್ತದೆ. ಗಂಡನ ತಾಯಿಯಾದರೆ ಇವರಿಗೆ ಏನೂ ಅಲ್ಲ, ಆದರೆ ಇವರ ಮಕ್ಕಳಿಗೆ ಆಕೆ ಅಜ್ಜಿ. ಸೋದರಮಾವನ ಹೆಂಡತಿಯಾದರೆ ಸಾಮಾನ್ಯವಾಗಿ ಇಬ್ಬರಿಗೂ ಏನೂ ಅಲ್ಲ. ಮೂವರಿಗೂ ನಾವು ಅತ್ತೆ ಎನ್ನುತ್ತೇವೆ. ‘ಮಾವ’ನ ಕಥೆಯೂ ಇದೇ. ‘ಅಣ್ಣನಿಗೆ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್’ ಅಂದಾಗ ಆ ಅಣ್ಣ ಒಡಹುಟ್ಟಿದವನೋ ದೊಡ್ಡಪ್ಪನ ಮಗನೋ ಎಂದು ಕೇಳಲೇಬೇಕು. ಹಾಗೆಯೇ ‘ಅಜ್ಜಿ’ ಅಂದರೆ ಯಾವ ಕಡೆಯ ಅಜ್ಜಿ ಎಂದು ಗೊತ್ತಾಗುವುದಿಲ್ಲ. ಅದೇ ‘ಸೋದರಮಾವ’, ‘ಚಿಕ್ಕಪ್ಪ’ ಎಂದು ಬಿಡಿಸಿ ಹೇಳಿದರೆ ಅಮ್ಮನ ಕಡೆಯೋ ಅಪ್ಪನ ಕಡೆಯೋ ಎನ್ನುವುದು ಒಂದೇ ಪದದಲ್ಲಿ ಸಿಕ್ಕಿಬಿಡುತ್ತದೆ, ಚಿಕ್ಕಮ್ಮನ ಗಂಡನನ್ನೂ ಚಿಕ್ಕಪ್ಪ ಎನ್ನುತ್ತೇವೆ ಎಂಬುದೊಂದು ನೆನಪಿದ್ದರೆ ಸಾಕು. ಆದ್ದರಿಂದ ಪದವನ್ನು ನಂಬಬೇಡಿ, ದಾರಿಯನ್ನು ಕೇಳಿ: ‘ನಿಮ್ಮ ಅಪ್ಪನ ಒಡಹುಟ್ಟಿದ ಅಕ್ಕನಾ? ಒಂದೇ ತಂದೆತಾಯಿಯ ಮಕ್ಕಳಾ?’

ಈ ಹಂತಗಳ ಲೆಕ್ಕ ಸುಲಭ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಮೊದಲ ಹಂತ. ಇವರ ಜೊತೆ ಸುಮಾರು ಅರ್ಧದಷ್ಟು ವಂಶವಾಹಿಗಳು ಹಂಚಿಕೆಯಾಗಿರುತ್ತವೆ. ಅಜ್ಜ ಅಜ್ಜಿ, ಅಪ್ಪ ಅಮ್ಮಂದಿರ ಒಡಹುಟ್ಟಿದವರು, ಅಣ್ಣತಮ್ಮ ಅಕ್ಕತಂಗಿಯರ ಮಕ್ಕಳು, ಮೊಮ್ಮಕ್ಕಳು ಎರಡನೇ ಹಂತ, ಕಾಲು ಭಾಗ. ದೊಡ್ಡಪ್ಪ ಚಿಕ್ಕಮ್ಮಂದಿರ ಮಕ್ಕಳು ಮೂರನೇ ಹಂತ, ಎಂಟನೇ ಒಂದು ಭಾಗ. ಮೂರು ತಲೆಮಾರು ಕೇಳಬೇಕು ಎನ್ನುವುದು ಇದಕ್ಕೇ.

ಕಾಯಿಲೆಯ ಹೆಸರಿನಷ್ಟೇ ವಯಸ್ಸೂ ಮುಖ್ಯ. ವಿದ್ಯಾರ್ಥಿಗಳು ತಂದು ತೋರಿಸುವ ಹಾಳೆಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ, ಹೆಚ್ಚಿನವರು ಬಿಡುವುದೂ ಇದನ್ನೇ. ‘ತಂದೆಗೆ ಹೃದ್ರೋಗ’ ಎಂದಷ್ಟೇ ಬರೆದರೆ ಅರ್ಧ ಮಾಹಿತಿ. 80ಕ್ಕೆ ಬಂದ ಹೃದಯಾಘಾತಕ್ಕೂ 46ಕ್ಕೆ ಬಂದದ್ದಕ್ಕೂ ಮಗನ ಮಟ್ಟಿಗೆ ಬೇರೆಯೇ ಅರ್ಥ. ತಂದೆ ಅಥವಾ ಅಣ್ಣತಮ್ಮಂದಿರಲ್ಲಿ 55ಕ್ಕೆ ಮೊದಲು, ತಾಯಿ ಅಥವಾ ಅಕ್ಕತಂಗಿಯರಲ್ಲಿ 65ಕ್ಕೆ ಮೊದಲು ಹೃದಯದ ರಕ್ತನಾಳದ ಕಾಯಿಲೆ ಬಂದಿದ್ದರೆ ಅದನ್ನು ಅಕಾಲಿಕ ಎಂದು ಲೆಕ್ಕಿಸುತ್ತೇವೆ. ಸ್ತನ ಕ್ಯಾನ್ಸರ್ 50ರ ಒಳಗೆ, ಎರಡೂ ಸ್ತನಗಳಲ್ಲಿ, ಅಥವಾ ಗಂಡಸರಲ್ಲಿ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಮನೆತನದಲ್ಲಿದ್ದರೆ, ಅಲ್ಲಿ ನಿಂತು ಇನ್ನಷ್ಟು ಕೇಳಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಹತ್ತಿರದ ಸಂಬಂಧಿಗೆ ಬಂದಿದ್ದರೆ, ಅದು ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು ಅಥವಾ 40ಕ್ಕೆ, ಯಾವುದು ಮೊದಲೋ ಆಗಲೇ ತಪಾಸಣೆ ಶುರುಮಾಡಿ ಎಂದು ಹಲವು ಮಾರ್ಗಸೂಚಿಗಳು ಹೇಳುತ್ತವೆ. ವಯಸ್ಸನ್ನೇ ಬರೆದುಕೊಳ್ಳದಿದ್ದರೆ ಈ ಲೆಕ್ಕ ಹಾಕುವುದು ಹೇಗೆ? ಸತ್ತ ವಯಸ್ಸಲ್ಲ, ಕಾಯಿಲೆ ಗೊತ್ತಾದ ವಯಸ್ಸು. ನೆನಪಿಲ್ಲ ಅಂದರೆ ‘ಆಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ?’ ಎಂದು ಕೇಳಿ. ಇಸವಿ ಮರೆತವರಿಗೂ ಮಕ್ಕಳು ಹುಟ್ಟಿದ್ದು ನೆನಪಿರುತ್ತದೆ.

ಅಪ್ಪನ ಕಡೆಯನ್ನು ಬಿಡಬೇಡಿ. ಸ್ತನ, ಅಂಡಾಶಯ ಅಂದ ಕೂಡಲೇ ತಾಯಿಯ ಕಡೆ ಮಾತ್ರ ಕೇಳಿ ಮುಗಿಸುವುದು ಎಲ್ಲ ಕಡೆ ನಡೆಯುವ ತಪ್ಪು. ಬಿಆರ್‌ಸಿಎ 1 ಮತ್ತು 2 ಎಂಬ ವಂಶವಾಹಿಗಳಲ್ಲಿನ ದೋಷ ತಂದೆಯಿಂದಲೂ ಮಗಳಿಗೆ ಬರುತ್ತದೆ, ಶೇ. 50ರಷ್ಟು ಸಾಧ್ಯತೆಯೊಂದಿಗೆ, ತಂದೆಗೆ ಏನೂ ಆಗದೇ ಇದ್ದರೂ. ಆ ತಂದೆಗೆ ಅಕ್ಕತಂಗಿಯರೇ ಇಲ್ಲದಿದ್ದರೆ ಮನೆತನದಲ್ಲಿ ಅದು ಕಾಣಿಸಿಕೊಳ್ಳಲು ಜಾಗವೇ ಇರಲಿಲ್ಲ ಎಂದರ್ಥ. ಇದಕ್ಕೇ ‘ಇಲ್ಲ’ ಎನ್ನುವುದನ್ನೂ ‘ಗೊತ್ತಿಲ್ಲ’ ಎನ್ನುವುದನ್ನೂ ಬೇರೆ ಬೇರೆ ಬರೆಯಬೇಕು ಎಂದು ನಾನು ಹಠ ಹಿಡಿಯುತ್ತೇನೆ. ದತ್ತು ಹೋದವರು, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು, ಊರು ಬಿಟ್ಟು ಬಂದು ಸಂಬಂಧಿಕರ ಸುದ್ದಿಯೇ ಇಲ್ಲದವರು, ಇವರ ಹಾಳೆಯಲ್ಲಿ ‘ವಿಶೇಷವಿಲ್ಲ’ ಎಂದು ಬರೆದರೆ ಮುಂದೆ ಅದನ್ನು ಓದುವ ವೈದ್ಯರು ‘ಅಪಾಯವಿಲ್ಲ’ ಎಂದು ಓದಿಕೊಳ್ಳುತ್ತಾರೆ. ‘ತಂದೆಯ ಕಡೆಯ ಮಾಹಿತಿ ರೋಗಿಗೆ ಗೊತ್ತಿಲ್ಲ’ ಎಂದು ಬರೆದರೆ ಯಾರೂ ದಾರಿ ತಪ್ಪುವುದಿಲ್ಲ. ಕುಸುಮರೋಗದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಅದು ಇದ್ದಿರುವುದಿಲ್ಲ. ಹೊಸದಾಗಿ ಆದ ಬದಲಾವಣೆ ಅದು. ಇತಿಹಾಸ ಖಾಲಿ ಇದ್ದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ.

ಜನ ಹೇಳಿದ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳಿ, ನಿಮ್ಮ ಪಠ್ಯದ ಪದಕ್ಕೆ ತಿರುಗಿಸಬೇಡಿ. ‘ಹೊಟ್ಟೆಯಲ್ಲಿ ಗೆಡ್ಡೆ ಆಗಿ ಹೋದರು’ ಎನ್ನುವುದು ಜಠರದ ಕ್ಯಾನ್ಸರ್ ಇರಬಹುದು, ಕರುಳಿನದಿರಬಹುದು, ಅಂಡಾಶಯದ್ದೂ ಇರಬಹುದು. ‘ಲಿವರ್‌ಗೆ ಹೋಗಿತ್ತು’ ಅಂದರೆ ಬೇರೆಲ್ಲೋ ಶುರುವಾಗಿ ಅಲ್ಲಿಗೆ ಹರಡಿದ್ದಿರಬಹುದು. ಉದ್ಧರಣ ಚಿಹ್ನೆಯೊಳಗೆ ಅವರ ಮಾತು, ಪಕ್ಕದಲ್ಲಿ ‘ದಾಖಲೆ ನೋಡಿಲ್ಲ’ ಎಂಬ ಟಿಪ್ಪಣಿ. ಹಳೆಯ ಡಿಸ್‌ಚಾರ್ಜ್ ಚೀಟಿ ಇದ್ದರೆ ತರಲು ಹೇಳಿ.

‘ಇದ್ದಕ್ಕಿದ್ದ ಹಾಗೆ ಹೋದರು’, ‘ಆಪರೇಷನ್ ಟೇಬಲ್ ಮೇಲೇ ಹೋದರು’ ಎನ್ನುವ ಎರಡು ಮಾತು ಕಿವಿಗೆ ಬಿದ್ದರೆ ಪೆನ್ನು ಅಲ್ಲೇ ನಿಲ್ಲಲಿ. ಮೊದಲನೆಯದರಲ್ಲಿ ಸತ್ತವರು ಚಿಕ್ಕ ವಯಸ್ಸಿನವರಾದರೆ ವಂಶದಲ್ಲಿ ಬರುವ ಹೃದಯದ ಮಾಂಸಖಂಡದ ಅಥವಾ ಬಡಿತದ ದೋಷ ಇರಬಹುದು. ನೀರಿನಲ್ಲಿ ಈಜು ಬರುವವನೇ ಮುಳುಗಿ ಸತ್ತದ್ದು, ಓಡುತ್ತಿದ್ದಾಗ ಕುಸಿದದ್ದು, ‘ಫಿಟ್ಸ್’ ಎಂದುಕೊಂಡದ್ದು ಇವೆಲ್ಲ ಅದರ ವೇಷಗಳಾಗಿರಬಹುದು. ಎರಡನೆಯದು ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವ ರೋಗಿಯ ಮಟ್ಟಿಗೆ ಇನ್ನೂ ತುರ್ತು. ಕೆಲವು ಮನೆತನಗಳಲ್ಲಿ ಅರಿವಳಿಕೆಗೆ ಉಸಿರಿನಲ್ಲಿ ಕೊಡುವ ಕೆಲವು ಅನಿಲಗಳಿಗೆ ಮತ್ತು ಸಕ್ಸಿನೈಲ್‌ಕೋಲಿನ್ ಎಂಬ ಔಷಧಕ್ಕೆ ಮೈ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ: ಸ್ನಾಯುಗಳು ಬಿಗಿಯುತ್ತವೆ, ಮೈ ಬಿಸಿ ಏರುತ್ತಲೇ ಹೋಗುತ್ತದೆ, ಡ್ಯಾಂಟ್ರೊಲೀನ್ ಎಂಬ ಮದ್ದು ಕೊಟ್ಟು ತಡೆಯದಿದ್ದರೆ ಜೀವ ಹೋಗಬಹುದು. ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಎನ್ನುವ ಈ ಸ್ವಭಾವ ತಂದೆ ಅಥವಾ ತಾಯಿಯಿಂದ ಅರ್ಧದಷ್ಟು ಸಾಧ್ಯತೆಯಲ್ಲಿ ಮಕ್ಕಳಿಗೆ ಬರುತ್ತದೆ. ಮೊದಲೇ ಗೊತ್ತಿದ್ದರೆ ಅರಿವಳಿಕೆ ತಜ್ಞರು ಬೇರೆ ಔಷಧ ಬಳಸಿ ಸಲೀಸಾಗಿ ಮುಗಿಸುತ್ತಾರೆ. ಗೊತ್ತಾಗುವುದು ‘ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಿನಲ್ಲಿ ತೊಂದರೆ ಆಗಿತ್ತಾ?’ ಎಂಬ ಒಂದು ಪ್ರಶ್ನೆಯಿಂದ, ಅದನ್ನು ಕೇಳಬೇಕಾದವರಲ್ಲಿ ನೀವೂ ಒಬ್ಬರು.

ಈಗ ಚಿತ್ರ. ಫಾರಂ ತುಂಬುವುದಕ್ಕಿಂತ ಜೀನೋಗ್ರಾಂ, ಅಂದರೆ ಚಿಹ್ನೆಗಳಲ್ಲಿ ಕುಟುಂಬದ ನಕ್ಷೆ, ಬರೆಯುವುದು ಸುಲಭ ಮತ್ತು ಅದು ಹೆಚ್ಚು ಮಾತಾಡಿಸುತ್ತದೆ. ಅಮೆರಿಕದ ಮನೋವೈದ್ಯ ಮರ್ರಿ ಬೊವೆನ್ ಅವರ ಕುಟುಂಬ ಚಿಂತನೆಯಿಂದ ಹುಟ್ಟಿದ ಈ ಪದ್ಧತಿಯ ಚಿಹ್ನೆಗಳನ್ನು 1980ರ ದಶಕದಲ್ಲಿ ಮೋನಿಕಾ ಮೆಕ್‌ಗೋಲ್ಡ್ರಿಕ್ ಮುಂತಾದವರು ಒಂದು ಕ್ರಮಕ್ಕೆ ತಂದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗಿಗೆ ಜೋಡಿ ಗೆರೆಯ ಅಂಚು. ತೀರಿಕೊಂಡವರ ಚಿಹ್ನೆಯೊಳಗೆ ಗುಣಾಕಾರದ ಗುರುತು, ಪಕ್ಕದಲ್ಲಿ ವಯಸ್ಸು ಮತ್ತು ಕಾರಣ. ದಂಪತಿಗಳ ನಡುವೆ ಅಡ್ಡಗೆರೆ. ಬೇರೆ ಇದ್ದರೆ ಅದರ ಮೇಲೆ ಒಂದು ಓರೆಗೆರೆ, ವಿಚ್ಛೇದನವಾಗಿದ್ದರೆ ಎರಡು. ರಕ್ತಸಂಬಂಧದಲ್ಲೇ ಮದುವೆಯಾಗಿದ್ದರೆ ಅಡ್ಡಗೆರೆಯೇ ಜೋಡಿಯಾಗುತ್ತದೆ. ಮಕ್ಕಳು ಹಿರಿಯರಿಂದ ಕಿರಿಯರಿಗೆ, ಎಡದಿಂದ ಬಲಕ್ಕೆ. ಗರ್ಭಪಾತವಾದದ್ದನ್ನೂ ಗುರುತಿಸಬೇಕು. ಕೊನೆಗೆ ಒಂದೇ ಸೂರಿನಡಿ ಇರುವವರನ್ನೆಲ್ಲ ಸೇರಿಸಿ ಸುತ್ತ ಚುಕ್ಕೆಗೆರೆ ಎಳೆದರೆ ರಕ್ತದ ನಂಟು, ಸೂರಿನ ನಂಟು ಎರಡೂ ಒಂದೇ ಹಾಳೆಯಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ವಂಶವಾಹಿ ತಜ್ಞರ ನಕ್ಷೆಯಲ್ಲಿ ಕೆಲವು ಗುರುತು ಬೇರೆ, ಉದಾಹರಣೆಗೆ ರೋಗಿಯನ್ನು ಬಾಣ ತೋರಿಸುತ್ತದೆ. ಆದ್ದರಿಂದ ಹಾಳೆಯ ಮೂಲೆಯಲ್ಲಿ ಚಿಹ್ನೆಗಳ ಅರ್ಥ, ದಿನಾಂಕ ಮತ್ತು ಮಾಹಿತಿ ಹೇಳಿದವರು ಯಾರು ಎಂದು ಬರೆದಿಡಿ.

ಚಿತ್ರವನ್ನು ಹಾಸಿಗೆಯ ಪಕ್ಕದಲ್ಲಿ ಕುಳಿತು, ರೋಗಿಗೆ ಕಾಣುವ ಹಾಗೆ ಬರೆಯಿರಿ. ನಿಂತು ಕೇಳಿದರೆ ವಿಚಾರಣೆ, ಕುಳಿತು ಬರೆದರೆ ಮಾತುಕತೆ. ‘ಇಲ್ಲಿ ಅಪ್ಪ, ಇಲ್ಲಿ ಅಮ್ಮ, ಅಪ್ಪನ ಪಕ್ಕ ಎಷ್ಟು ಚೌಕ ಹಾಕಲಿ?’ ಅಂದಾಗ ಅವರೇ ಕೈ ಚಾಚಿ ‘ಇಲ್ಲ ಇಲ್ಲ, ಇನ್ನೊಬ್ಬ ಇದ್ದ, ಚಿಕ್ಕಂದಿನಲ್ಲೇ ಹೋದ’ ಅನ್ನುತ್ತಾರೆ. ಖಾಲಿ ಜಾಗ ಕಂಡರೆ ನೆನಪು ಅದನ್ನು ತುಂಬಲು ಹೊರಡುತ್ತದೆ.

ನನ್ನ ಅನುಭವದ ಒಂದು ಹಾಳೆ ಈಗಲೂ ಕಣ್ಣ ಮುಂದಿದೆ. ವಯಸ್ಸಾದ ಒಬ್ಬ ಅಮ್ಮ, ಹೃದಯದ ಶಕ್ತಿ ಕುಂದಿ ಕಾಲು ಊದಿ, ಉಸಿರು ಕಟ್ಟಿ, ಕೆಲವೇ ತಿಂಗಳಲ್ಲಿ ಮೂರನೇ ಸಲ ದಾಖಲಾಗಿದ್ದರು. ಕೇಸ್ ಶೀಟಿನಲ್ಲಿ ‘ಮಗನೊಂದಿಗೆ ವಾಸ, ಆರೈಕೆದಾರ: ಮಗ’ ಎಂದಿತ್ತು. ಮಗ, ಸೊಸೆ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು, ಕಾಳಜಿಯ ಜನ. ಚಿತ್ರ ಬರೆಯುತ್ತ ನಾನು ಕೇಳಿದ್ದು ‘ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದಲ್ಲ, ‘ಮಾತ್ರೆ ಡಬ್ಬಿ ಯಾರ ಕೈಯಲ್ಲಿರುತ್ತೆ?’ ಎಂದು. ಮಗ ಹೆಂಡತಿಯ ಮುಖ ನೋಡಿದರು. ‘ನಾವಿಬ್ಬರೂ ಬೆಳಗ್ಗೆ ಬೇಗ ಕೆಲಸಕ್ಕೆ ಹೊರಡ್ತೀವಿ. ಮಗಳು ಸ್ಕೂಲಿಂದ ಬಂದು ಕೊಡ್ತಾಳೆ’ ಎಂದರು ಸೊಸೆ. ಮಗಳಿಗೆ 13 ವರ್ಷ. ಬೆಳಗ್ಗೆಯ ಮೂತ್ರ ಹೋಗುವ ಮಾತ್ರೆಯೂ ಸಂಜೆಯೇ ಹೋಗುತ್ತಿತ್ತು. ರಾತ್ರಿ ನಾಲ್ಕೈದು ಸಲ ಏಳಬೇಕಾಗಿ, ಕತ್ತಲಲ್ಲಿ ಬಿದ್ದುಬಿಡುವ ಭಯಕ್ಕೆ ಅಜ್ಜಿ ಆ ಒಂದು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ದಿಂಬಿನ ಕೆಳಗೆ ಇಡುತ್ತಿದ್ದರಂತೆ. ಮೊಮ್ಮಗಳು ಬೈಸಿಕೊಳ್ಳಬಾರದು ಅಂತ ಯಾರಿಗೂ ಹೇಳಿರಲಿಲ್ಲ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಹಾಳೆಯ ಕೆಳಗಿದ್ದ ಆ ಚಿಕ್ಕ ವೃತ್ತವನ್ನೇ ನೋಡುತ್ತಿದ್ದರು.

ಹಿಂದಿನ ಎರಡು ಸಲವೂ ಔಷಧದ ಪ್ರಮಾಣ ಹೆಚ್ಚಿಸಿ ಕಳಿಸಿದ್ದರು. ತೊಂದರೆ ಇದ್ದದ್ದು ಪ್ರಮಾಣದಲ್ಲಲ್ಲ. ವೈದ್ಯರ ಜೊತೆ ಮಾತಾಡಿ, ಆ ಮಾತ್ರೆಯನ್ನು ಸೊಸೆ ಹೊರಡುವ ಮುಂಚೆ ತಾವೇ ಕೊಡುವುದು ಎಂದಾಯಿತು. ಹುಡುಗಿಯ ಕೈಯಿಂದ ಮಾತ್ರೆಯ ಜವಾಬ್ದಾರಿ ತೆಗೆದು, ಅಜ್ಜಿಯ ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಕೊಟ್ಟೆವು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚಾದರೆ ಅಪ್ಪನಿಗೆ ಹೇಳಬೇಕು, ಅಪ್ಪ ನಮಗೆ ಫೋನ್ ಮಾಡಬೇಕು. ಅದು ಅವಳ ವಯಸ್ಸಿಗೆ ತಕ್ಕ ಕೆಲಸ, ಅವಳಿಗೆ ಇಷ್ಟದ ಕೆಲಸವೂ ಆಗಿತ್ತು.

ಕುಟುಂಬದ ರಚನೆ ಎಂದು ನಿಮ್ಮ ಪಠ್ಯದಲ್ಲಿ ಬರುವುದು ಇದೇ. ಕೆನಡಾದ ಲೊರೇನ್ ರೈಟ್ ಮತ್ತು ಮೌರೀನ್ ಲೀಹಿ 1984ರಲ್ಲಿ ಮುಂದಿಟ್ಟ ಕ್ಯಾಲ್ಗರಿ ಮಾದರಿಯಲ್ಲಿ ಕುಟುಂಬವನ್ನು ರಚನೆ, ಬೆಳವಣಿಗೆ, ಕಾರ್ಯನಿರ್ವಹಣೆ ಎಂಬ ಮೂರು ಕಡೆಯಿಂದ ನೋಡುತ್ತಾರೆ. ಯಾರ್‍ಯಾರಿದ್ದಾರೆ, ಅವರೊಳಗಿನ ಚಿಕ್ಕ ಗುಂಪುಗಳು ಯಾವುವು, ಗುಂಪುಗಳ ನಡುವಿನ ಗೆರೆ ಎಷ್ಟು ಗಟ್ಟಿ ಎನ್ನುವುದು ರಚನೆ. ಮೇಲಿನ ಮನೆಯಲ್ಲಿ ದೊಡ್ಡವರ ಗುಂಪಿನ ಕೆಲಸ ಒಬ್ಬ ಮಗುವಿನ ಹೆಗಲಿಗೆ ಜಾರಿತ್ತು. ಯಾರೂ ಕೇಡು ಬಯಸಿ ಮಾಡಿದ್ದಲ್ಲ, ದಿನಚರಿ ಹಾಗೆ ತಳ್ಳಿತ್ತು. ಕುಟುಂಬ ಯಾವ ಘಟ್ಟದಲ್ಲಿದೆ ಎನ್ನುವುದು ಬೆಳವಣಿಗೆ: ಹೊಸ ಮಗು ಬಂದ ಮನೆಗೂ, ಮಕ್ಕಳೆಲ್ಲ ಹೊರಟುಹೋದ ಮನೆಗೂ ಅದೇ ಸಕ್ಕರೆ ಕಾಯಿಲೆ ಒಂದೇ ಥರ ಬರುವುದಿಲ್ಲ. ಯಾರು ಅಡುಗೆ, ಯಾರು ಹಣ, ಯಾರು ತೀರ್ಮಾನ, ಯಾರ ಎದುರು ಯಾರು ಅಳಬಲ್ಲರು ಎನ್ನುವುದೆಲ್ಲ ಕಾರ್ಯನಿರ್ವಹಣೆ. ಈ ಮೂರನ್ನು ಬಾಯಿಪಾಠ ಮಾಡುವುದಕ್ಕಿಂತ, ಪ್ರತಿ ಕೆಲಸಕ್ಕೂ ‘ಯಾರು, ಎಷ್ಟು ಹೊತ್ತಿಗೆ’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ‘ನೋಡ್ಕೋತೀವಿ’ ಎನ್ನುವ ಮಾತಿಗೆ ಕರ್ತೃ ಯಾರು ಎಂದು ತಿಳಿಯುವ ತನಕ ಡಿಸ್‌ಚಾರ್ಜ್ ಯೋಜನೆ ಪೂರ್ತಿಯಾಗಿಲ್ಲ.

ಮನೆಯ ಹೊರಗಿನ ನಂಟುಗಳಿಗೆ ಇಕೋಮ್ಯಾಪ್ ಇದೆ. ಸಮಾಜಕಾರ್ಯ ಕ್ಷೇತ್ರದ ಆ್ಯನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ್ದು. ನಡುವಿನ ವೃತ್ತದಲ್ಲಿ ಕುಟುಂಬ, ಸುತ್ತ ಕೆಲಸದ ಜಾಗ, ಶಾಲೆ, ಗೆಳೆಯರು, ಆಸ್ಪತ್ರೆ, ಸಾಲ ಕೊಟ್ಟವರು. ಗಟ್ಟಿ ನಂಟಿಗೆ ದಪ್ಪ ಗೆರೆ, ತೆಳುವಾದದ್ದಕ್ಕೆ ಚುಕ್ಕೆಗೆರೆ, ಜಗಳದ್ದಕ್ಕೆ ಗೆರೆಯ ಮೇಲೆ ಅಡ್ಡಗೀಟು, ಶಕ್ತಿ ಯಾವ ಕಡೆಗೆ ಹರಿಯುತ್ತಿದೆ ಎಂದು ಬಾಣ. ಬಾಣಗಳೆಲ್ಲ ಕುಟುಂಬದಿಂದ ಹೊರಕ್ಕೇ ಹೋಗುತ್ತಿದ್ದರೆ ಆ ಮನೆ ಬಸವಳಿದಿದೆ. ಸಮುದಾಯ ಆರೋಗ್ಯ ಪೋಸ್ಟಿಂಗ್‌ನಲ್ಲಿ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ವಾರ್ಡಿನಲ್ಲಿ ಎಲ್ಲರಿಗೂ ಬರೆಯುವ ಅಗತ್ಯವಿಲ್ಲ.

ಅಂಕ ಕೊಡುವ ಸಾಧನಗಳೂ ಇವೆ. ಗೇಬ್ರಿಯಲ್ ಸ್ಮಿಲ್‌ಸ್ಟೀನ್ 1978ರಲ್ಲಿ ಕೊಟ್ಟ, ತನ್ನ ಕುಟುಂಬದ ಬಗ್ಗೆ ಒಬ್ಬರಿಗೆ ಎಷ್ಟು ತೃಪ್ತಿ ಇದೆ ಎಂದು ಅಳೆಯುವ ಫ್ಯಾಮಿಲಿ ಆಪ್ಗಾರ್‌ನಲ್ಲಿ ಐದು ಪ್ರಶ್ನೆ, ಒಂದೊಂದಕ್ಕೆ 0ಯಿಂದ 2, ಒಟ್ಟು 10. ಆರೈಕೆದಾರರ ಮೇಲಿನ ಹೊರೆ ಅಳೆಯುವ ಝಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆ, 0ಯಿಂದ 88. ಆಪ್ಗಾರ್ ಅಂಕ ಉತ್ತರ ಕೊಟ್ಟ ಒಬ್ಬರ ಮನಸ್ಸಿನ ಕುಟುಂಬದ್ದು, ಇಡೀ ಕುಟುಂಬದ್ದಲ್ಲ. ಅದೇ ಮನೆಯ ಗಂಡ 9 ಕೊಟ್ಟು ಹೆಂಡತಿ 3 ಕೊಡಬಹುದು. ಆಗ ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ, ಆ ಅಂತರವೇ ನಿಮಗೆ ಸಿಕ್ಕ ಮಾಹಿತಿ.

ಅಮ್ಮ ಒಂದು ಹೇಳಿದರು, ಮಗಳು ಇನ್ನೊಂದು ಹೇಳಿದರು ಎಂದು ಬರೆದಿದ್ದೀರಿ. ನೀವು ನ್ಯಾಯ ತೀರ್ಮಾನಿಸಲು ಹೋಗಿಲ್ಲ. ‘ರೋಗಿ: ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಮಗಳು: ರಾತ್ರಿಯಿಡೀ ಎದ್ದು ಕೂರುತ್ತಾರೆ’ ಎಂದು ಇಬ್ಬರ ಮಾತನ್ನೂ ಹೆಸರಿನ ಜಾಗದಲ್ಲಿ ಸಂಬಂಧ ಹಾಕಿ ಬರೆಯಿರಿ. ಆಮೇಲೆ ಅಮ್ಮನನ್ನು ಒಬ್ಬರೇ ಇದ್ದಾಗ ಮತ್ತೊಮ್ಮೆ ಕೇಳಿ. ಹಲವು ಸಲ ತಾಯಂದಿರು ಮಕ್ಕಳ ಎದುರು ತಮ್ಮ ನೋವನ್ನು ಕಡಿಮೆ ಮಾಡಿ ಹೇಳುತ್ತಾರೆ, ಮಕ್ಕಳು ತಮ್ಮ ಗಾಬರಿಯನ್ನು ಅಮ್ಮನ ಕಾಯಿಲೆಗೆ ಸೇರಿಸಿ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಒಬ್ಬರೇ ಇದ್ದಾಗ ಮಾತ್ರ ಕೇಳಬೇಕಾದ ವಿಷಯಗಳು ಇನ್ನೂ ಇವೆ: ಮನೆಯಲ್ಲಿ ಹೊಡೆತ ಬಡಿತ, ಮಾನಸಿಕ ಕಾಯಿಲೆ, ಆತ್ಮಹತ್ಯೆ, ಕುಡಿತ, ಎಚ್‌ಐವಿ, ಗರ್ಭಪಾತ, ದತ್ತು. ಭಾಷೆ ಬರದ ರೋಗಿಗೆ ಮನೆಯವರನ್ನೇ ದುಭಾಷಿ ಮಾಡಿಕೊಂಡು ಇವನ್ನು ಕೇಳಲೇಬಾರದು. ಹೊಡೆಯುವವರೇ ಅನುವಾದಿಸುತ್ತಿರಬಹುದು. ‘ಹೆತ್ತ ತಾಯಿ, ಸಾಕಿದ ತಾಯಿ ಒಬ್ಬರೇನಾ?’ ಎಂಬ ಪ್ರಶ್ನೆಯನ್ನು ಮಕ್ಕಳೆದುರು ಎತ್ತಿದರೆ ಒಂದು ಮನೆಯೇ ಅಲುಗಾಡಬಹುದು. ಜೀನೋಗ್ರಾಂ ಬರೆದ ಹಾಳೆ ಮಂಚದ ಕಾಲಬದಿಯ ಕ್ಲಿಪ್ಪಿನಲ್ಲಿ ನೇತಾಡಬಾರದು, ಕಾಲೇಜಿಗೆ ಒಪ್ಪಿಸುವ ಪ್ರತಿಯಲ್ಲಿ ಹೆಸರುಗಳಿರಬಾರದು. ಅದರಲ್ಲಿರುವ ಎಷ್ಟೋ ಜನ ನಿಮಗೆ ಒಪ್ಪಿಗೆ ಕೊಟ್ಟವರಲ್ಲ. ಅವರ ಕಾಯಿಲೆಯನ್ನು ಹೇಳಿದವರು ಬೇರೊಬ್ಬರು.

ನೀವು ಕಂಡುಕೊಂಡದ್ದನ್ನು ಭವಿಷ್ಯವಾಣಿಯಾಗಿ ಹೇಳಬೇಡಿ. ‘ನಿಮ್ಮ ತಂದೆಗೂ ಇತ್ತು, ನಿಮಗೂ ಬರುತ್ತೆ’ ಎನ್ನುವ ಮಾತು ನರ್ಸಿನ ಬಾಯಲ್ಲಿ ಬರಬಾರದು. ಮನೆತನದಲ್ಲಿ ಹಂಚಿಕೆಯಾಗುವುದು ವಂಶವಾಹಿ ಮಾತ್ರವಲ್ಲ, ಉಪ್ಪಿನ ರುಚಿ, ಬೀಡಿ ಸಿಗರೇಟಿನ ಹೊಗೆ, ಕೆಲಸದ ಧೂಳು, ಕೂತು ಕಳೆಯುವ ದಿನಗಳೂ ಹಂಚಿಕೆಯಾಗುತ್ತವೆ, ಇವುಗಳಲ್ಲಿ ಬದಲಾಯಿಸಬಹುದಾದದ್ದು ಬಹಳ. ಕಣ್ಣಿಗೆ ಬಿದ್ದ ಅಪಾಯದ ಗುರುತನ್ನು ಅದೇ ದಿನ ವೈದ್ಯರ ಗಮನಕ್ಕೆ ತನ್ನಿ, ಸೌಲಭ್ಯವಿದ್ದ ಕಡೆ ವಂಶವಾಹಿ ಸಮಾಲೋಚಕರಿಗೆ ಕಳಿಸಲು ಕೇಳಿ. ನೀವು ಹೇಳಬಹುದಾದದ್ದು ‘ಇದನ್ನು ಡಾಕ್ಟರ ಹತ್ತಿರ ಮಾತಾಡಿ ನೋಡೋಣ, ನಿಮ್ಮ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಬಹುದು’ ಎಂದಷ್ಟೇ.

ಇಷ್ಟೆಲ್ಲವನ್ನೂ ಒಂದೇ ಸಲ ಕೇಳಬೇಕೆಂದು ಹೆದರಬೇಡಿ. ರೈಟ್ ಮತ್ತು ಲೀಹಿ ಅವರೇ ಹದಿನೈದು ನಿಮಿಷದೊಳಗಿನ ಕುಟುಂಬ ಸಂದರ್ಶನದ ಬಗ್ಗೆ ಬರೆದಿದ್ದಾರೆ: ನಿಮ್ಮ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವುದು, ಚಿಕ್ಕದೊಂದು ಜೀನೋಗ್ರಾಂ, ಮುಖ್ಯವಾದ ಕೆಲವು ಪ್ರಶ್ನೆ, ಮತ್ತು ಕುಟುಂಬ ಚೆನ್ನಾಗಿ ಮಾಡುತ್ತಿರುವ ಒಂದು ಕೆಲಸವನ್ನು ಗುರುತಿಸಿ ಹೇಳುವುದು. ಕೊನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ರಾತ್ರಿಯೆಲ್ಲ ಎಚ್ಚರವಿದ್ದ ಮಗಳಿಗೆ ‘ಬೆನ್ನಿನಲ್ಲಿ ಒಂದು ಹುಣ್ಣೂ ಇಲ್ಲದ ಹಾಗೆ ನೋಡಿಕೊಂಡಿದ್ದೀರಿ’ ಎಂದು ಹೇಳಿದ ಮೇಲೆ ಅವರು ಕೊಡುವ ಉತ್ತರವೇ ಬೇರೆ. ರೈಟ್ ಮತ್ತು ಲೀಹಿ ಅವರ ಪ್ರಶ್ನೆಗಳಲ್ಲಿ ಒಂದನ್ನು ನಾನು ತಪ್ಪದೆ ಕೇಳುತ್ತೇನೆ: ‘ಇವತ್ತು ನಿಮ್ಮ ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಗುತ್ತೆ ಅಂದರೆ ಯಾವುದನ್ನು ಕೇಳ್ತೀರಿ?’ ಸಿಟ್ಟಾದ ಆ ಮಗಳ ಹತ್ತಿರ ನಾಳೆ ಹೋಗಿ, ಫಾರಂ ಬದಿಗಿಟ್ಟು ಇದನ್ನೇ ಕೇಳಿ ನೋಡಿ.

ಮೇಡಂಗೆ ಮೂರನೇ ಸಲ ಕೊಡುವ ಹಾಳೆಯಲ್ಲಿ ‘ವಿಶೇಷವಿಲ್ಲ’ ಎಂಬ ಜಾಗದಲ್ಲಿ ಇಂಥದ್ದೇನೋ ಇರಲಿ: ‘ಮೂರು ತಲೆಮಾರು ಕೇಳಿದೆ, ಮಾಹಿತಿ ಕೊಟ್ಟವರು ರೋಗಿ ಮತ್ತು ಮಗಳು. ತಾಯಿ 70ಕ್ಕೆ ಪಾರ್ಶ್ವವಾಯುವಿನಿಂದ ತೀರಿಕೊಂಡರು, ಬಿ.ಪಿ. ಗೊತ್ತಾದದ್ದು ಸುಮಾರು 50ಕ್ಕೆ. ಒಡಹುಟ್ಟಿದ ತಮ್ಮನಿಗೆ 52ಕ್ಕೆ ಹೃದಯಾಘಾತ. ತಂದೆಯ ಕಡೆ ಗೊತ್ತಿಲ್ಲ. ಅರಿವಳಿಕೆಯ ತೊಂದರೆ ಯಾರಿಗೂ ಇಲ್ಲ ಎನ್ನುತ್ತಾರೆ. ಹಗಲು ಆರೈಕೆ ಮಗಳು, ರಾತ್ರಿ ಯಾರೂ ಇಲ್ಲ.’ ಕೊನೆಯ ಮೂರು ಪದಗಳನ್ನು ವಾರ್ಡಿನ ಸಿಸ್ಟರ್‌ಗೆ ಇವತ್ತೇ ಓದಿ ಹೇಳಿ.